ನಡು ತಿರುಗಲಿ, ಬಾಗಿಲು ಮುಚ್ಚಿರಲಿ

ಲಕ್ಷ್ಮೇಶ್ವರ
ಆಷಾಢ, ರವಿವಾರ

ಚಿ. ಪುಟ್ಟವ್ವಗೆ,

ನೀನು ಕಳಿಸಿದ ವಿಡಿಯೊ ಮುಟ್ಟಿತು. ನಿಮ್ಮ ದೊಡ್ಡಪ್ಪ ಸಂತೆಗೆ ಹೋದ ಹೊತ್ತು ನೋಡಿ, ಅಗಳಿ ಹಾಕಿಕೊಂಡು ಮೂರು ಸಲ ನೋಡಿದೆ. ಮೊದಲ ಸಲ ನಗು ಬಂತು. ನಮ್ಮ ಪುಟ್ಟವ್ವ ಸೊಂಟಕ್ಕೆ ಗಿಲಿಗಿಲಿ ಕಟ್ಟಿಕೊಂಡು ಹೊಟ್ಟೆ ಕುಣಿಸುತ್ತಾಳೆ ಅಂದರೆ ನಗು ಬರದೆ ಏನು! ಎರಡನೇ ಸಲ ನಿನ್ನ ತೋಳು ನೋಡಿದೆ. ಭುಜದಿಂದ ಮೊಣಕೈಗೆ, ಮೊಣಕೈಯಿಂದ ಮುಂಗೈಗೆ ಹಾವು ಹರಿದಂತೆ ಹರಿಯಿತಲ್ಲ, ಅಷ್ಟರಲ್ಲಿ ನನ್ನ ಬಲಗೈ ತಾನಾಗಿ ಮಡಿಲಿನಿಂದ ಎದ್ದಿತ್ತು. ಮೂರನೇ ಸಲ ನಿಂತುಕೊಂಡೇ ನೋಡಿದೆ.

ಫಿಜಿಯೊಥೆರಪಿ ಮುಗಿಸಿ ಬಂದು, ಎದೆಯ ಆಪರೇಷನ್ ಆದ ನಮ್ಮ ಕಡೆಯ ಹೆಂಗಸರಿಗೆ ಈ ಬೆಲ್ಲಿ ಡಾನ್ಸ್ ಕಲಿಸುತ್ತೇನೆ ಅಂದಿದ್ದೀ. ಗದಗ-ಬೆಟಗೇರಿಯಲ್ಲಿ ಒಂದು ಕ್ಲಾಸು, ಶಿರಹಟ್ಟಿ, ಮುಂಡರಗಿಗೆ ವಾರಕ್ಕೊಮ್ಮೆ. “ಮಂದಿ ಏನಂತಾರ ದೊಡ್ಡವ್ವಾ?” ಅಂತ ಕೇಳಿದ್ದೀ. ಮಂದಿಯ ಮಾತು ಆಮೇಲೆ. ಮೊದಲು ನನ್ನದು ಕೇಳು.

ಒಂಬತ್ತು ವರ್ಷದ ಹಿಂದೆ ನನಗೆ ಆಪರೇಷನ್ ಆದಾಗ ನಿನಗೆ ಎಸ್ಸೆಸ್ಸೆಲ್ಸಿ ಪರೀಕ್ಷೆ. ‘ದೊಡ್ಡವ್ವಗ ಪಿತ್ತಕೋಶದಾಗ ಕಲ್ಲು’ ಅಂತ ನಿನಗೆ ಹೇಳಿದ್ದರು. ಊರಿಗೆಲ್ಲ ಅದನ್ನೇ ಹೇಳಿದ್ದರು. ಕಂಕುಳ ಹತ್ತಿರ ಗೋಲಿಯಷ್ಟು ಗಡ್ಡಿ ಕೈಗೆ ಸಿಕ್ಕ ಮೇಲೂ ಎರಡು ತಿಂಗಳು ನಾನೇ ಸುಮ್ಮನಿದ್ದೆ. ಮೂವತ್ತು ವರ್ಷ ಮಕ್ಕಳಿಗೆ ವಿಜ್ಞಾನ ಹೇಳಿಕೊಟ್ಟವಳ ಬುದ್ಧಿ ಅಷ್ಟು. ಬಲ ಎದೆ ತೆಗೆದರು, ಕಂಕುಳಲ್ಲಿದ್ದ ಗಂಟುಗಳನ್ನೂ ತೆಗೆದರು. ಆಮೇಲೆ ಕೀಮೋ, ಆಮೇಲೆ ಕರೆಂಟು. ರೇಡಿಯೇಶನ್ ಅಂತ ನೀನು ಅನ್ನಬಹುದು, ಬಸ್ಸಿನಲ್ಲಿ ನನ್ನ ಜೊತೆ ಬರುತ್ತಿದ್ದವರೆಲ್ಲ ‘ಕರೆಂಟ್ ಕೊಡಸಾಕ ಹೊಂಟೀವಿ’ ಅನ್ನುವವರೇ.

ಮನೆಗೆ ಕಳಿಸುವಾಗ ವಾರ್ಡಿನಲ್ಲಿ ಒಬ್ಬರು ಹೇಳಿದ್ದು ಒಂದೇ ಮಾತು: “ಆ ಕೈ ಎತ್ತಬ್ಯಾಡ್ರಿ, ಭಾರ ಹಿಡಿಬ್ಯಾಡ್ರಿ.” ಇಲಾಖೆಯ ಸುತ್ತೋಲೆ ಬಂದಂತೆ ಅದನ್ನು ಪಾಲಿಸಿದೆ. ನಾಲ್ಕು ತಿಂಗಳಲ್ಲಿ ಭುಜ ಕಟ್ಟಿಗೆಯಾಯಿತು. ಹೆರಳು ಹಾಕಿಕೊಳ್ಳಲಾಗಲಿಲ್ಲ, ಹಾಕಿಕೊಳ್ಳಲು ಕೂದಲೂ ಇರಲಿಲ್ಲ ಬಿಡು. ಒಂದು ದಿನ ಹಠ ಮಾಡಿ ರೊಟ್ಟಿಗೆ ಕೂತೆ. ಹಿಟ್ಟು ನಾದಿದೆ. ಬಡಿಯಲು ಕೈ ಎತ್ತಿದರೆ ಕಂಕುಳಲ್ಲಿ ಹುರಿ ಬಿಗಿದಂತೆ ಎಳೆಯಿತು. ಅಂಗೈ ಬಿದ್ದಲ್ಲೇ ಬಿತ್ತು, ರೊಟ್ಟಿ ತಿರುಗಲಿಲ್ಲ. ಒಂದು ಕಡೆ ದಪ್ಪ, ಒಂದು ಕಡೆ ಹರಿದ ಆ ರೊಟ್ಟಿಯನ್ನು ಹಂಚಿಗೂ ಹಾಕದೆ ಮತ್ತೆ ಮುದ್ದೆ ಮಾಡಿಬಿಟ್ಟೆ. ಕೂದಲು ಹೋದಾಗ ಅಳದವಳು ಅವತ್ತು ಅತ್ತೆ.

ಆಮೇಲೆ ಒಬ್ಬ ಫಿಜಿಯೊಥೆರಪಿ ಹುಡುಗಿ, ಈಗ ನಿನಗಿರುವಷ್ಟೇ ವಯಸ್ಸಿನವಳು, ಗೋಡೆ ಏರುವುದನ್ನು ಕಲಿಸಿದಳು. ಗೋಡೆಗೆ ಮುಖ ಮಾಡಿ ನಿಂತು ಬೆರಳುಗಳನ್ನು ಇರುವೆಯಂತೆ ಮೇಲಕ್ಕೆ ನಡೆಸಬೇಕು. ಬೆರಳು ನಿಂತಲ್ಲಿ ಗುರುತು ಹಾಕಬೇಕು. ಬಳಪ ನನ್ನ ಹತ್ತಿರ ಬೇಕಾದಷ್ಟು. ಮೊದಲ ಗೆರೆ ಶಾಬಾದಿಮಠ ಕ್ಯಾಲೆಂಡರಿನ ತಳಕ್ಕೆ ಬಿತ್ತು. ಅದರ ಮೊಳೆ ಮುಟ್ಟಲು ಹನ್ನೊಂದು ವಾರ ಹಿಡಿಯಿತು. ಆ ಗೆರೆಗಳನ್ನು ಸುಣ್ಣ ಹೊಡೆಯುವಾಗ ಅಳಿಸಲು ನಾನು ಬಿಟ್ಟಿಲ್ಲ, ಬಂದಾಗ ನೋಡು.

ಇಂಥ ಆಪರೇಷನ್ ಆದ ಮೇಲೆ ಕೈ ಯಾಕೆ ಬಾತುಕೊಳ್ಳುತ್ತದೆ ಅನ್ನುವುದನ್ನು ಹೆಂಗಸರಿಗೆ ಹೇಳುವಾಗ ಪುಸ್ತಕದ ಮಾತು ಹೇಳಬೇಡ. ಹಮ್ಮಿಗಿ ಬ್ಯಾರೇಜಿನ ಮಾತು ಹೇಳು. ತುಂಗಭದ್ರೆ ಕೆಳಗೆ, ಹೊಲ ಮೇಲೆ. ಶಿಂಗಟಾಲೂರು ಏತ ನೀರಾವರಿಯಲ್ಲಿ ಮೋಟರು ಎತ್ತಿದರೆ ಮಾತ್ರ ನೀರು ಏರುತ್ತದೆ. ರಕ್ತಕ್ಕೆ ಹೃದಯವೆಂಬ ಮೋಟರಿದೆ, ಮೈಯ ನೀರಾದ ದುಗ್ಧರಸಕ್ಕೆ ಅಂಥದ್ದಿಲ್ಲ. ಸ್ನಾಯು ಹಿಂಡಿದಾಗ, ಉಸಿರು ಆಳಕ್ಕೆ ಎಳೆದಾಗ ಅದು ಮುಂದೆ ಸರಿಯುತ್ತದೆ. ಕಂಕುಳ ಗಂಟು ತೆಗೆದ ಮೇಲೆ ಕಾಲುವೆಗಳೂ ಕಡಿಮೆ. ಕೈ ಅಲುಗಾಡಿಸದೆ ಕೂತರೆ ಭುಜ ಸೆಟೆಯುತ್ತದೆ, ನೀರನ್ನು ತಳ್ಳುವ ಸ್ನಾಯುವಿನ ಕೆಲಸವೂ ನಿಂತಂತೆಯೇ.

ಭಾರ ಎತ್ತಬಾರದು ಅನ್ನುವ ಹಳೆಯ ಹೆದರಿಕೆಯನ್ನು ಅಮೆರಿಕದ ಕ್ಯಾಥ್ರಿನ್ ಶ್ಮಿಟ್ಜ್ ಮತ್ತು ಜೊತೆಯವರು 2009ರಲ್ಲೇ ಅಲುಗಾಡಿಸಿದರು. ಕೈ ಬಾತ 141 ಹೆಂಗಸರಲ್ಲಿ ಅರ್ಧದಷ್ಟು ಜನರಿಗೆ ವಾರಕ್ಕೆ ಎರಡು ಸಲ, ಹಂತಹಂತವಾಗಿ, ಮೊದಮೊದಲು ನೋಡಿಕೊಳ್ಳುವವರ ಎದುರಿನಲ್ಲಿ, ಭಾರ ಎತ್ತಿಸಿದರು. ಒಂದು ವರ್ಷದ ಮೇಲೂ ಬಾವು ಹೆಚ್ಚಲಿಲ್ಲ. ಅದಕ್ಕೂ ಮೊದಲು, 1996ರಲ್ಲಿ, ಕೆನಡಾದ ವ್ಯಾಂಕೂವರ್‌ನಲ್ಲಿ ಡಾನ್ ಮೆಕೆಂಜಿ ಎಂಬ ವೈದ್ಯರು ಸ್ತನ ಕ್ಯಾನ್ಸರ್ ಆದ 24 ಹೆಂಗಸರನ್ನು ದೋಣಿಗೆ ಹತ್ತಿಸಿ ಹುಟ್ಟು ಹಾಕಿಸಿದ್ದರು. ನಮ್ಮಲ್ಲಿ ದೋಣಿಗೆ ನೀರೆಲ್ಲಿ? ಕುಣಿತವೇ ಸರಿ.

ನಿನ್ನ ಬೆಲ್ಲಿ ಡಾನ್ಸನ್ನು ಬ್ರೆಜಿಲ್‌ನ ಸಾಂಟಾ ಕಟರೀನಾ ರಾಜ್ಯದ ಸಂಶೋಧಕಿಯರು ಸ್ತನ ಕ್ಯಾನ್ಸರ್ ಆದವರಿಗೆ ಕಲಿಸಿ ನೋಡಿದ್ದಾರೆ ಅಂತ ನೀನೇ ಬರೆದಿದ್ದೀ. ಮೊದಲಿನದು ಕೆಲವೇ ಜನರ ಸಣ್ಣ ಪರೀಕ್ಷೆ. ಮೈಯ ಬಗೆಗಿನ ಮುಜುಗರ, ಮನಸ್ಸಿನ ಕುಗ್ಗು ಕಡಿಮೆಯಾಯಿತು ಅಂದರು. ಆಮೇಲೆ ಹಾರ್ಮೋನ್ ಗುಳಿಗೆ ನುಂಗುವವರಲ್ಲಿ 16 ವಾರ ಪಿಲಾಟೆಸ್ ವ್ಯಾಯಾಮವನ್ನೂ ಇದನ್ನೂ ಹೋಲಿಸಿ ನೋಡಿದರು. ಒಳ್ಳೆಯದೇ. ಆದರೆ ಕುಣಿತದಿಂದ ಕ್ಯಾನ್ಸರ್ ಹೋಗುತ್ತದೆ ಅಂತ ನಿನ್ನ ಬೋರ್ಡಿನ ಮೇಲೆ ಒಂದು ಅಕ್ಷರ ಕಂಡರೂ ನಾನೇ ಬಂದು ಅಳಿಸುತ್ತೇನೆ. ಒಬ್ಬಳು ಗುಳಿಗೆ ಬಿಟ್ಟು ನಿನ್ನ ಕ್ಲಾಸಿಗೆ ಬಂದರೆ ಆ ಪಾಪ ನಿನ್ನದು.

ಇನ್ನು ಮಂದಿ. ಈಜಿಪ್ಟಿನಲ್ಲಿ ಇದಕ್ಕೆ ‘ಬಲದಿ’ ಅಂತ ಒಂದು ಹೆಸರಿದೆಯಂತೆ, ಅಂದರೆ ‘ನಮ್ಮೂರದ್ದು’. ಮದುವೆ ಮನೆಯಲ್ಲಿ ಹೆಂಗಸರು ಹೆಂಗಸರ ನಡುವೆ ಕುಣಿಯುವಂಥದ್ದು. 1893ರ ಶಿಕಾಗೊ ಮೇಳದಲ್ಲಿ ಅದನ್ನು ಟಿಕೆಟ್ಟಿಗೆ ಇಟ್ಟರು, ಹೊಟ್ಟೆಯ ಹೆಸರೇ ಪ್ರಸಿದ್ಧವಾಯಿತು. ನಮ್ಮಲ್ಲಿ ನಡು ತಿರುಗಿಸದವರು ಯಾರಿದ್ದರು ಹೇಳು. ನಿಮ್ಮಜ್ಜಿ ಬೀಸುಕಲ್ಲಿನ ಮುಂದೆ ಒಂದು ಕಾಲು ಚಾಚಿ ಕೂತು ಗೂಟ ಹಿಡಿದು ಬೀಸುವಾಗ ನಡುವಿನಿಂದ ಮೇಲಿನ ಮೈಯೆಲ್ಲ ಸುತ್ತು ಹಾಕುತ್ತಿತ್ತು. ನೀನು ವಿಡಿಯೊದಲ್ಲಿ ಮೊದಲು ಮಾಡಿದ್ದು ಅದನ್ನೇ. ಪಂಚಮಿಯಲ್ಲಿ ಫುಗಡಿ ಆಡುವಾಗ, ಜೋಕಾಲಿ ಜೀಕುವಾಗ ಯಾರೂ ಏನೂ ಅಂದಿಲ್ಲ.

ಕರೆಂಟಿಗೆ ಹೋಗುವ ದಿನಗಳಲ್ಲಿ ನನಗೆ ಜೊತೆಯಾದವಳು ಶಿರಹಟ್ಟಿ ಕಡೆಯ ಒಂದು ತಾಂಡಾದಾಕೆ. ನನಗಿಂತ ಹತ್ತು ವರ್ಷ ಸಣ್ಣವಳು, ನನ್ನನ್ನು ‘ಅಕ್ಕೋರ’ ಅನ್ನುತ್ತಾಳೆ. ಲಂಬಾಣಿ ಹೆಂಗಸರ ಕಾಂಚಳಿ ನೋಡಿದ್ದೀಯಲ್ಲ, ಕನ್ನಡಿ ಕೂಡಿಸಿದ ಕುಬಸ. ಆಪರೇಷನ್ ಆದ ಮೇಲೆ ಅದು ಒಂದು ಕಡೆ ಜೋತುಬೀಳುತ್ತದೆ ಅಂತ ತೀಜ್ ಹಬ್ಬಕ್ಕೆ ಹೋಗುವುದನ್ನೇ ಬಿಟ್ಟಿದ್ದಳು. ನನ್ನ ಕುಬಸಕ್ಕೂ ಅದೇ ತೊಂದರೆ ಇತ್ತು. ಹತ್ತಿ ತುಂಬಿದರೆ ಹಗುರ, ಮೇಲಕ್ಕೆ ಏರುತ್ತದೆ. ಕೊನೆಗೆ ಹಳೆಯ ಬೆಟಗೇರಿ ಸೀರೆಯ ತುಂಡಿನಲ್ಲಿ ಚೀಲ ಹೊಲಿದು, ಸುತ್ತ ಹತ್ತಿ, ನಡುವೆ ಒಂದು ಹಿಡಿ ನವಣೆ ಹಾಕಿದೆ. ತೂಕ ಸರಿಹೋಯಿತು. ಅಂಥದ್ದೇ ಒಂದು ಅವಳಿಗೂ ಹೊಲಿದು ಕೊಟ್ಟೆ.

ನಮ್ಮ ಪಡಸಾಲೆಯಲ್ಲೇ ಅದನ್ನು ಕಾಂಚಳಿಯೊಳಗೆ ಇಟ್ಟು ನೋಡಿದಳು. ಕನ್ನಡಿಗಳು ಎರಡೂ ಕಡೆ ಒಂದೇ ಸಾಲಿಗೆ ನಿಂತವು. ಬಾಗಿಲು ಮುಚ್ಚು ಅಂತ ಕಣ್ಣಲ್ಲೇ ಹೇಳಿದಳು. ಹಾಡು ಇಲ್ಲ, ಏನಿಲ್ಲ. ಚಪ್ಪಾಳೆ ತಟ್ಟುತ್ತ, ಬಗ್ಗುತ್ತ, ಏಳುತ್ತ ಒಂದು ಸುತ್ತು ಹಾಕಿದಳು. ಸೊಂಟದ ಕವಡೆ ಗಲಗಲ ಅಂದವು. ಎಡಗೈ ಅರ್ಧಕ್ಕೆ ನಿಂತಾಗ ತಾನೇ ನಕ್ಕು, “ಇದು ಇನ್ನ ಮಕ್ಕೊಂಡೈತ್ರಿ ಅಕ್ಕೋರ” ಅಂದಳು. ಅಷ್ಟೂ ದಿನ ಬಸ್ಸಿನಲ್ಲಿ ಜೊತೆ ಓಡಾಡಿದರೂ ಅವಳು ನಕ್ಕದ್ದನ್ನು ನಾನು ನೋಡಿದ್ದು ಅವತ್ತೇ.

ಅದಕ್ಕೇ ಹೇಳುತ್ತೇನೆ, ನೀನು ಕಲಿಸುವುದಕ್ಕಿಂತ ಮೊದಲು ಅವರು ಏನು ಬಲ್ಲರು ಅಂತ ಕೇಳು. ಕೋಲಾಟ ಬಲ್ಲವಳಿಂದ ಕೋಲಾಟ, ಫುಗಡಿ ಬಲ್ಲವಳಿಂದ ಫುಗಡಿ. ನಿನ್ನ ಹಾವಿನ ತೋಳು ಆಮೇಲೆ ಬರಲಿ. ಲಂಬಾಣಿ ಕುಣಿತಕ್ಕೆ ಬೆಲ್ಲಿ ಡಾನ್ಸ್ ಅಂತ ಹೆಸರಿಡಬೇಡ, ಅದಕ್ಕೆ ಅದರದೇ ಹೆಸರಿದೆ. ಡಾಕ್ಟರನ್ನು ಕೇಳದೆ ಯಾರನ್ನೂ ಸೇರಿಸಿಕೊಳ್ಳಬೇಡ. ಗುಳಿಗೆಗಳಲ್ಲಿ ಕೆಲವು ಎಲುಬು ಸವೆಸುತ್ತವೆ, ಕೆಲವರಿಗೆ ರೋಗ ಎಲುಬಿಗೇ ಇಳಿದಿರುತ್ತದೆ. ಅಂಥವರಿಗೆ ಜರ್ಕು, ಜಿಗಿತ ಕೂಡದು. ಕೈ ಕೆಂಪಾಗಿ ಬಿಸಿಯಾಗಿ ಜ್ವರ ಬಂದರೆ ಅವತ್ತೇ ಆಸ್ಪತ್ರೆಗೆ ಕಳಿಸು. ಇವೆಲ್ಲ ನಿನಗೆ ಗೊತ್ತಿರುವುದೇ, ಮಾಸ್ತರಿಕೆ ಚಟ ಹೋಗುವುದಿಲ್ಲ.

ಕ್ಲಾಸಿಗೆ ಗದಗಿನ ಯಾವ ಹಾಲನ್ನೂ ಹಿಡಿಯಬೇಡ, ಬ್ಯಾನರ್ ಕಟ್ಟಬೇಡ. ನಮ್ಮ ಪಡಸಾಲೆ ಇದೆ, ನಿಮ್ಮ ದೊಡ್ಡಪ್ಪ ರವಿವಾರ ಹೊರಗೆ ಕೂರಲು ಒಪ್ಪಿದ್ದಾರೆ. ಲಕ್ಷ್ಮೇಶ್ವರದವರು ಮೂವರು, ಮುಂಡರಗಿಯಿಂದ ಒಬ್ಬಳು, ತಾಂಡಾದಾಕೆ, ನಾನು; ಆರು ಜನ ಆದೆವು. ಪಂಚಮಿಗಿಂತ ಒಂದು ವಾರ ಮೊದಲು ಬಾ. ಸೊಂಟಕ್ಕೆ ಕಟ್ಟುವ ಗಿಲಿಗಿಲಿ ಆರು ತಾ, ನನ್ನದು ಸ್ವಲ್ಪ ಉದ್ದ ಇರಲಿ. ಮೊಬೈಲ್ ನಿಲ್ಲಿಸುವ ಆ ಮೂರು ಕಾಲಿನ ಸ್ಟ್ಯಾಂಡು ಮಾತ್ರ ತರಬೇಡ.

ನಿನ್ನ ದೊಡ್ಡವ್ವ