ಮಿತವ್ಯಯದ ಆಯುಷ್ಯ: ಮುಗ್ಗಟ್ಟು ಕಳೆದ ಮೇಲೆ ಗ್ರಾಹಕರ ವರ್ತನೆ

ವ್ಯಾಪಾರ ಕುಗ್ಗಿದಾಗಲೆಲ್ಲ ವರ್ತಕ ಮಿತ್ರರಿಂದ ಕೇಳಿಬರುವ ಮಾತೊಂದಿದೆ: "ಜನ ಕೈ ಬಿಗಿಹಿಡಿಯುವುದನ್ನು ಕಲಿತುಬಿಟ್ಟರು, ಇನ್ನು ಹಳೆಯ ವಹಿವಾಟು ಬಾರದು." 2008-09ರಲ್ಲಿಯೂ 2020ರಲ್ಲಿಯೂ ಈ ಮಾತು ಕೇಳಿಬಂದಿತು. ಇದನ್ನು ನಂಬಿ ದಾಸ್ತಾನು ಇಳಿಸಿದವರು ಬೇಡಿಕೆ ಮರಳಿದಾಗ ಬರಿಗೈಯಲ್ಲಿ ನಿಲ್ಲಬೇಕಾಗುತ್ತದೆ. ನಂಬದೆ ಏರಿಸಿದವರಿಗೆ ಬಡ್ಡಿಯ ಹೊರೆ. ಆದುದರಿಂದ ಈ ನಂಬಿಕೆಯನ್ನು ಕೊಂಚ ಪರಿಶೀಲಿಸುವುದು ಉಚಿತ.

ಮಿತವ್ಯಯ ಬಾಳಿಕೆ ಬಂದುದಕ್ಕೆ ನಿದರ್ಶನ ನಮ್ಮ ಜಯನಗರದ ಹಿರಿಯರ ಮನೆಗಳಲ್ಲಿಯೇ ಇದೆ. ಖಾಲಿಯಾದ ಹಾರ್ಲಿಕ್ಸ್ ಶೀಸೆಯಲ್ಲಿ ತೊಗರಿಬೇಳೆ ತುಂಬಿಡುವುದು, ಹಳೆಯ ಬಟ್ಟೆ ಕೊಟ್ಟು ಸ್ಟೀಲ್ ಪಾತ್ರೆ ಪಡೆಯುವುದು, ದಿನಪತ್ರಿಕೆಗಳನ್ನು ಮಡಿಚಿ ತೂಕಕ್ಕೆ ಹಾಕುವುದು. ಮಕ್ಕಳು ಲಕ್ಷಗಟ್ಟಲೆ ಸಂಬಳ ತಂದರೂ ಇವು ನಿಂತಿಲ್ಲ. ಇವರು 1965-66ರ ಆಹಾರ ಅಭಾವವನ್ನು ಕಂಡವರು. ವಾರಕ್ಕೊಂದು ಹೊತ್ತು ಊಟ ಬಿಡಿರೆಂಬ ಲಾಲ್ ಬಹದ್ದೂರ್ ಶಾಸ್ತ್ರಿಯವರ ಕರೆಯನ್ನು ಪಾಲಿಸಿದವರು. ಆ ಬರಗಾಲ ಕಳೆದರೂ ಅಭಾವ ಕಳೆಯಲಿಲ್ಲ. ದೂರವಾಣಿಗೆ, ಸ್ಕೂಟರಿಗೆ, ಅಡುಗೆ ಅನಿಲಕ್ಕೆ ವರ್ಷಗಟ್ಟಲೆ ಕಾಯುವ ಸ್ಥಿತಿ ಮುಂದೆಯೂ ಉಳಿಯಿತು. ಎರಡು ಮೂರು ದಶಕ ನಡೆದುಬಂದ ಅಭ್ಯಾಸ ಸ್ವಭಾವವೇ ಆಯಿತು.

2008ರ ಕಥೆ ಬೇರೆ. ಅದೇ ಸೆಪ್ಟೆಂಬರಿನಲ್ಲಿ ಲೇಮನ್ ಬ್ರದರ್ಸ್ ಕುಸಿದಾಗ ಬಿ.ಟಿ.ಎಂ. ಬಡಾವಣೆ, ಜೆ.ಪಿ. ನಗರಗಳ ತಂತ್ರಾಂಶ ಉದ್ಯೋಗಿಗಳು ಕಳವಳಗೊಂಡುದು ನಿಜ. ಆದರೆ ರಿಸರ್ವ್ ಬ್ಯಾಂಕು ರೆಪೊ ದರವನ್ನು ಶೇ. 9ರಿಂದ 2009ರ ಏಪ್ರಿಲ್ ವೇಳೆಗೆ ಶೇ. 4.75ಕ್ಕೆ ಇಳಿಸಿತು, ಸಂಕಟ ಬಹುಕಾಲ ನಿಲ್ಲಲಿಲ್ಲ. ಆದಾಯ ಇಳಿದಾಗಲೂ ಕುಟುಂಬಗಳು ಹಿಂದಿನ ಜೀವನಮಟ್ಟವನ್ನು ಸುಲಭವಾಗಿ ಬಿಟ್ಟುಕೊಡುವುದಿಲ್ಲವೆಂದು ಅರ್ಥಶಾಸ್ತ್ರಜ್ಞ ಜೇಮ್ಸ್ ಡ್ಯೂಸೆನ್‌ಬೆರಿ 1949ರಲ್ಲಿಯೇ ಪ್ರತಿಪಾದಿಸಿದ್ದರು. ಅಲ್ಪಾವಧಿಯ ಮುಗ್ಗಟ್ಟಿನಲ್ಲಿ ಗ್ರಾಹಕ ಖರೀದಿಯನ್ನು ಕೈಬಿಡುವುದಕ್ಕಿಂತ ಮುಂದೂಡುವುದೇ ಹೆಚ್ಚು.

2020-21ರಲ್ಲಿ ದೇಶದ ಕುಟುಂಬಗಳ ನಿವ್ವಳ ಹಣಕಾಸು ಉಳಿತಾಯ ಜಿ.ಡಿ.ಪಿ.ಯ ಶೇ. 11ನ್ನು ಮೀರಿತ್ತು, 2022-23ರಲ್ಲಿ ಶೇ. 5ರ ಆಸುಪಾಸಿಗೆ ಇಳಿಯಿತು. ಮೊದಲನೆಯದನ್ನು ಮಿತವ್ಯಯವೆನ್ನಲು ನನಗೆ ಸಂಕೋಚ. ಅಂಗಡಿಗಳೇ ಮುಚ್ಚಿದ್ದಾಗ ಖರ್ಚು ಮಾಡುವುದಾದರೂ ಎಲ್ಲಿ? ಎರಡನೆಯದನ್ನು ದುಂದುವೆಚ್ಚವೆಂದೂ ಹೇಳಲಾಗದು. ಆ ಲೆಕ್ಕದಲ್ಲಿ ಸಾಲವನ್ನು ಕಳೆಯಲಾಗುತ್ತದೆ. ಮನೆ ಕೊಳ್ಳಲು ಮಾಡಿದ ಸಾಲವೂ ಅದರಲ್ಲಿ ಸೇರಿದೆ. ಬನಶಂಕರಿಯಲ್ಲಿ ಫ್ಲ್ಯಾಟು ಕೊಂಡು ತಿಂಗಳ ಕಂತು ಕಟ್ಟುವ ದಂಪತಿ ಹೋಟೆಲೂಟ ಕಡಿಮೆ ಮಾಡಿದ್ದರೆ, ಅದು ಕಂತು ತೀರುವವರೆಗೂ ಉಳಿಯಬಹುದಾದ ಮಿತವ್ಯಯ.

ಮುಗ್ಗಟ್ಟು ಏನನ್ನೂ ಉಳಿಸಿಹೋಗುವುದಿಲ್ಲವೆಂದು ಇದರರ್ಥವಲ್ಲ. ಅಮೆರಿಕದ ಕುಟುಂಬಗಳನ್ನು ಅಧ್ಯಯನ ಮಾಡಿದ ಉಲ್ರಿಕೆ ಮಾಲ್ಮೆಂಡಿಯರ್ ಮತ್ತು ಲೆಸ್ಲಿ ಶೆನ್, ಹೆಚ್ಚು ನಿರುದ್ಯೋಗದ ಕಾಲವನ್ನು ಬಾಳಿದವರು ಆದಾಯ ಸಮನಾಗಿದ್ದರೂ ಕಡಿಮೆ ಖರ್ಚು ಮಾಡುತ್ತಾರೆ, ಅಗ್ಗದ ಸರಕನ್ನೂ ರಿಯಾಯಿತಿಯನ್ನೂ ಹೆಚ್ಚಾಗಿ ಹುಡುಕುತ್ತಾರೆಂದು ಕಂಡುಕೊಂಡರು. ಕಿರಿಯರಲ್ಲಿ ಈ ಪರಿಣಾಮ ಅಧಿಕ. 2020ರಲ್ಲಿ ಮೊದಲ ನೌಕರಿಗೆ ಸೇರಿ, ಬಿ.ಟಿ.ಎಂ. ಬಡಾವಣೆಯ ಪಿ.ಜಿ. ಕೋಣೆಯನ್ನು ತೆರವು ಮಾಡಿ ಊರಿಗೆ ಮರಳಬೇಕಾಗಿ ಬಂದ ತರುಣನನ್ನು ವರ್ತಕರು ಈ ದೃಷ್ಟಿಯಿಂದ ನೋಡಬೇಕು. ಹಣ ಬಂದ ಮೇಲೂ ಆತ ಬೆಲೆ ವಿಚಾರಿಸಿಯೇ ಕೊಳ್ಳುವ ಸಂಭವ ಹೆಚ್ಚು.

ಇವೆರಡು ಬಗೆಯನ್ನು ಬೇರ್ಪಡಿಸಲು ಸಮೀಕ್ಷೆಗಿಂತ ನಮ್ಮ ಬಿಲ್ಲು ಪುಸ್ತಕವೇ ಮೇಲು. ಕಿಲೋ ಪೊಟ್ಟಣದ ಗಿರಾಕಿ ಕಾಲು ಕಿಲೋಗೆ ಇಳಿದು, ಸಂಬಳ ಸರಿಹೋದೊಡನೆ ಮತ್ತೆ ಕಿಲೋಗೆ ಬಂದರೆ, ಅಲ್ಲಿದ್ದುದು ಕೈಯಲ್ಲಿ ಹಣದ ಅಭಾವ ಮಾತ್ರ. ಕಿಲೋಗೆ ಮರಳಿಯೂ ಅಗ್ಗದ ಬ್ರ್ಯಾಂಡನ್ನು ಬಿಡದಿದ್ದರೆ ಆತನ ಆಯ್ಕೆಯೇ ಬದಲಾಗಿದೆ. ಮೊದಲನೆಯವನಿಗಾಗಿ ಗೌರಿ ಗಣೇಶ ಹಬ್ಬಕ್ಕೆ ಮುನ್ನ ಹಳೆಯ ದಾಸ್ತಾನನ್ನೇ ತರಿಸಿಡಬಹುದು. ಎರಡನೆಯವನಿಗಾಗಿ ಸಗಟು ವ್ಯಾಪಾರಿಯೊಡನೆ ಹೊಸದಾಗಿ ದರ ಮಾತನಾಡಬೇಕಾಗುತ್ತದೆ.