ಶ್ರುತಿ ಬಿಟ್ಟವಳು ಮಗಳಲ್ಲ

ದೋರನಹಳ್ಳಿಗೆ ಹಾಡಲು ಹೋಗುವ ಗಾನವೃಂದಗಳಿಗೆ ಇದನ್ನು ಹೇಳಲೇಬೇಕೆಂದು ಬರೆಯುತ್ತಿದ್ದೇನೆ. ಕಳೆದ ಜೂನ್‌ನಲ್ಲಿ ಅಲ್ಲಿನ ಸಂತ ಅಂತೋಣಿಯವರ ಹಬ್ಬಕ್ಕೆ ಮುಂಚಿನ ನೊವೇನಾದ ಒಂದು ಸಂಜೆ, ಪೂಜೆಗೆ ಹಾಡುವ ಸರದಿ ಹುಣಸೂರು ಕಡೆಯ ನಮ್ಮ ತಂಡಕ್ಕೆ ಬಂದಿತ್ತು. ಅವತ್ತು ಆದದ್ದು ಇನ್ನೂ ಚುಚ್ಚುತ್ತಿದೆ.

ಜೂನ್ 13ರ ಹಬ್ಬ ಹತ್ತಿರವಾದಾಗ ನಮ್ಮಲ್ಲಿ ಹೊಗೆಸೊಪ್ಪಿನ ನಾಟಿ. ಹಗಲೆಲ್ಲ ಹೊಲದಲ್ಲಿ ಬಗ್ಗಿ ಬಂದವರು ರಾತ್ರಿ ಎಂಟಕ್ಕೆ ಅಭ್ಯಾಸಕ್ಕೆ ಕೂರುತ್ತಿದ್ದರು, ಹದಿನಾಲ್ಕು ಜನ. ದೊಡ್ಡಪ್ಪ ಮೊದಲ ದಿನವೇ ಹೇಳಿದ್ದರು: "ಪೆಟ್ಟಿಗೆ ತಕ್ಕೊಂಡೋಗು ಮಗ. ವೈರು ನಂಬ್ಕೊಂಡು ದೇವರ ಪೂಜೆಗೆ ಹೋಗ್ಬ್ಯಾಡ." 1962–65ರ ಎರಡನೇ ವ್ಯಾಟಿಕನ್ ಮಹಾಸಭೆಯ ತರುವಾಯ ಪೂಜೆ ಲ್ಯಾಟಿನ್ ಬಿಟ್ಟು ಕನ್ನಡಕ್ಕೆ ಬಂತಲ್ಲ, ಆಗ ನಮ್ಮೂರಿಗೆ ತಂದ ಹಾರ್ಮೋನಿಯಂ ಅದು. ತಿದಿ ಸೋರುತ್ತದೆ ಎಂಬ ನೆಪ ಹೇಳಿ ನಾನು ಕೀಬೋರ್ಡನ್ನೇ ಹೊತ್ತುಕೊಂಡು ಹೋದೆ. ಹಠ ನನ್ನದು.

ನನಗೆ ಒಂದು ಮನೆಯಿಂದ ನುಡಿಸುವುದೇ ಕೈಗೆ ಸಲೀಸು. ಹುಡುಗಿಯರ ಗಂಟಲಿಗೆ ನಾಲ್ಕು ಮನೆ ಬೇಕು. ಟ್ರಾನ್ಸ್‌ಪೋಸ್ ಗುಂಡಿಯನ್ನು ಐದು ಸಲ ಒತ್ತಿದರೆ ಮುಗಿಯಿತು, ಬೆರಳು ಒಂದರಲ್ಲಿ, ದನಿ ನಾಲ್ಕರಲ್ಲಿ. ಎರಡು ತಿಂಗಳು ಹಾಗೆಯೇ ಅಭ್ಯಾಸ ಮಾಡಿದೆವು.

ಬಾಡಿಗೆ ಮೈಕ್ ಸೆಟ್ಟಿನವನು ಒಂದು ಸಲ ಹಾಡಿ ನೋಡಲೂ ಬಿಡಲಿಲ್ಲ. ಬಾಕ್ಸನ್ನು ಸ್ವಲ್ಪ ನಮ್ಮ ಕಡೆ ತಿರುಗಿಸಪ್ಪ ಎಂದರೆ ಕಿವಿಗೇ ಹಾಕಿಕೊಳ್ಳಲಿಲ್ಲ. ಆದರೂ ಪ್ರವೇಶ ಗೀತೆ, ಕೀರ್ತನೆ, ಕಾಣಿಕೆ ಗೀತೆ ಎಲ್ಲ ಚೆನ್ನಾಗಿಯೇ ಆದವು.

ಪರಮಪ್ರಸಾದದ ಹಾಡು. ಎರಡನೇ ಚರಣ ಎತ್ತಿಕೊಂಡಿದ್ದೇವೆ, ಜನ ಸಾಲುಸಾಲಾಗಿ ಮುಂದೆ ಬರುತ್ತಿದ್ದಾರೆ. ಆಗ ನನ್ನ ಬಾಮೈದ ಮೊಬೈಲಿನಲ್ಲಿ ವಿಡಿಯೋ ಮಾಡಲು ಎದ್ದ. ಹಿಂದಕ್ಕೆ ಒಂದು ಹೆಜ್ಜೆ ಇಟ್ಟಿದ್ದೇ ತಡ, ಅಡಾಪ್ಟರ್ ವೈರು ಕಾಲಿಗೆ ಸಿಕ್ಕಿ ಕಿತ್ತು ಬಂತು. ಕೀಬೋರ್ಡ್ ಸತ್ತಿತು. ಹುಡುಗಿಯರು ನಿಲ್ಲಿಸಲಿಲ್ಲ. ನಾನು ತಡವರಿಸಿ ವೈರು ಸಿಕ್ಕಿಸಿ, ಸ್ವಿಚ್ ಒತ್ತಿ, ಹಳೆಯ ಮನೆಗಳ ಮೇಲೆಯೇ ಬೆರಳಿಟ್ಟೆ. ಕರೆಂಟು ತಪ್ಪಿದರೆ ಟ್ರಾನ್ಸ್‌ಪೋಸ್ ಸೊನ್ನೆಗೆ ಇಳಿಯುತ್ತದೆ ಎಂಬುದು ಆ ಗಳಿಗೆಯಲ್ಲಿ ತಲೆಗೆ ಹೊಳೆಯಲೇ ಇಲ್ಲ. ನಾಲ್ಕರಲ್ಲಿ ಹಾಡು, ಒಂದರಲ್ಲಿ ವಾದ್ಯ, ಎರಡೂ ಒಟ್ಟಿಗೆ ಅಷ್ಟು ಜನರ ಕಿವಿಗೆ. ತಬಲಾದವನ ಕೈ ನಿಂತುಹೋಯಿತು. ಮುಂದೆ ನಿಂತು ಹಾಡುತ್ತಿದ್ದ ನನ್ನ ಮಗಳೇ ಶ್ರುತಿ ಬಿಟ್ಟಳೆಂದುಕೊಂಡು ಅವಳತ್ತ ಕಣ್ಣು ಕೆಕ್ಕರಿಸಿದೆ, ಜೋರಾಗಿ ಒತ್ತಿ ನುಡಿಸಿದೆ. ಅವಳ ಕಣ್ಣು ತುಂಬಿತು, ದನಿ ಮಾತ್ರ ಕದಲಲಿಲ್ಲ. ಒಂದು ಇಡೀ ಚರಣ ಹಾಗೆ ಹೋಯಿತು. ಪರದೆಯ ಮೇಲೆ ಸೊನ್ನೆ ಕಂಡಾಗ ನನ್ನ ಕೈ ತಣ್ಣಗಾಯಿತು. ಮನೆಗಳಿಂದ ಬೆರಳು ತೆಗೆದುಬಿಟ್ಟೆ.

ಪ್ರಸಾದ ಸ್ವೀಕರಿಸಲು ಸಾಲಿನಲ್ಲಿ ನಿಂತಿದ್ದ ಒಬ್ಬ ಅಜ್ಜಿ ನನ್ನ ಮಗಳ ಜೊತೆ ಪಲ್ಲವಿಗೆ ದನಿ ಸೇರಿಸಿದರು. ಹಿಂದಿನವರು ಸೇರಿದರು. ಆ ಹಬ್ಬಕ್ಕೆ ಎಲ್ಲ ಜಾತಿ ಧರ್ಮದವರೂ ಬರುತ್ತಾರಲ್ಲ, ಹಾಡು ಗೊತ್ತಿಲ್ಲದವರು ಚಪ್ಪಾಳೆಯಲ್ಲಿ ತಾಳ ಹಿಡಿದರು. ವಾದ್ಯವಿಲ್ಲದೆ ಹಾಡು ಮುಗಿಯಿತು.

ಬಾಮೈದ ಇವತ್ತಿಗೂ "ವೈರು ಅಲ್ಲಿ ಹಾಕಿದ್ದು ಯಾರು ಬಾವ?" ಎನ್ನುತ್ತಾನೆ. ಹಾಕಿದ್ದು ನಾನೇ. ಆದರೆ ಪೂಜೆಯ ನಡುವೆ ವಿಡಿಯೋ ಯಾಕೆ ಬೇಕಿತ್ತು?

ಹೊರಡುವವರಿಗೆ ನಾನು ಹೇಳುವುದಿಷ್ಟು. ವೈರನ್ನು ನೆಲಕ್ಕೆ ಟೇಪು ಹಾಕಿ ಅಂಟಿಸಿ. ಪ್ರತಿ ಹಾಡಿನ ಟ್ರಾನ್ಸ್‌ಪೋಸ್ ಅಂಕಿಯನ್ನು ಚೀಟಿಯಲ್ಲಿ ಬರೆದು ಕಣ್ಣೆದುರಿಗಿಡಿ. ಆಗುವುದಾದರೆ ನಿಜವಾದ ಮನೆಯಲ್ಲೇ ನುಡಿಸಲು ಕಲಿಯಿರಿ. ಪರಮಪ್ರಸಾದದ ಹೊತ್ತಿಗೆ ಜನರ ಬಾಯಲ್ಲಿರುವ ಹಾಡನ್ನೇ ಆರಿಸಿ, ಸಾಲು ಉದ್ದವಾದರೆ ಇರಲಿ ಎಂದು ಎರಡು ಚರಣ ಹೆಚ್ಚಿಗೆ ಕಲಿತಿರಿ. ಹಾಡುವವರ ಮೇಲೆ ಕಣ್ಣು ಬಿಡುವ ಮುಂಚೆ ನಿಮ್ಮ ವಾದ್ಯ ನೋಡಿಕೊಳ್ಳಿ.

ಮಗಳ ಹತ್ತಿರ ಅದೇ ರಾತ್ರಿ ತಪ್ಪಾಯಿತೆಂದು ಕೇಳಿಕೊಂಡೆ. ದೊಡ್ಡಪ್ಪನ ಪೆಟ್ಟಿಗೆಗೆ ಹೊಸ ತಿದಿ ಹಾಕಿಸಿದ್ದೇನೆ. ಪಿರಿಯಾಪಟ್ಟಣ, ಎಚ್.ಡಿ. ಕೋಟೆ, ಕೆ.ಆರ್. ನಗರ ಕಡೆಯ ಯಾವ ತಂಡಕ್ಕೆ ಬೇಕಾದರೂ ಕೊಡುತ್ತೇನೆ, ಒಯ್ದು ವಾಪಸು ತಂದಿಡಿ.