ಜಾತ್ರೆ ನೋಡಿ ಬಂದ ಮಕ್ಕಳನ್ನು ಮಾತಾಡಿಸಿ

ಬನದ ಹುಣ್ಣಿಮೆಗೆ ಬಾದಾಮಿಯ ಬನಶಂಕರಿಯ ತೇರು ಎಳೆದ ಮೇಲೂ ತಿಂಗಳೊಪ್ಪತ್ತು ಅಲ್ಲಿ ನಾಟಕ ಕಂಪನಿಗಳ ಆಟ ನಡೆಯುತ್ತದೆ. ಸುತ್ತಲಿನ ಊರುಗಳ ಎಷ್ಟೋ ಮಕ್ಕಳು ಹಿರಿಯರ ಜೊತೆ ಹೋಗಿ ನೋಡಿ ಬರುತ್ತಾರೆ. ಗುರುಗಳೇ, ಅಕ್ಕೋರೇ, ತರಗತಿಯಲ್ಲಿ ಅದನ್ನೇ ಮಾತಿಗೆಳೆಯಿರಿ. ‘ನಾಟಕದಾಗ ಅವ್ವ ಯಾಕ ಅತ್ಲು? ಗದ್ದಲದಾಗ ಅಪ್ಪನ ಕೈ ತಪ್ಪಿದಾಗ ನಿನಗ ಹೆಂಗಾತು?’ ಎಂದು ಕೇಳಿ. ಉತ್ತರಕ್ಕೆ ಅವಸರಪಡಿಸಬೇಡಿ. ಅಂಜಿಕೆ, ಸಿಟ್ಟು, ಹೊಟ್ಟೆಕಿಚ್ಚನ್ನು ಹೆಸರಿಟ್ಟು ಹೇಳಲು ಬಂದರೆ, ಮಗು ಕೈ ಮಾಡುವ ಬದಲು ಮಾತಾಡುವುದನ್ನು ಕಲಿಯುತ್ತದೆ.

1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾದ ನಲಿಕಲಿ ಪದ್ಧತಿ, ಮಕ್ಕಳನ್ನು ಗುಂಪಿನಲ್ಲಿ ಕೂಡಿಸಿ ಕಲಿಸುವ ದಾರಿ ತೋರಿದೆ. ಆ ಗುಂಪಿನಲ್ಲೇ ಹಂಚಿಕೊಳ್ಳುವುದನ್ನು, ಸರದಿ ಕಾಯುವುದನ್ನು, ಅಳುವ ಗೆಳತಿಗೆ ಸಮಾಧಾನ ಹೇಳುವುದನ್ನೂ ರೂಢಿ ಮಾಡಿಸಿ. ದಿನಕ್ಕೆ ಹತ್ತು ನಿಮಿಷ ಕೊಟ್ಟರೂ ಸಾಕು. ಅಳುವ ಹುಡುಗನಿಗೆ ‘ಗಂಡಸಾಗಿ ಅಳ್ತಿಯೇನು?’ ಅನ್ನಬೇಡಿ, ಮೊದಲು ಅವನ ಮಾತು ಕೇಳಿಸಿಕೊಳ್ಳಿ.